ಬಾಡಿಗೆಯ ಮನೆಗಳೂ ಶ್ರಾಯದ ಪದ್ಧತಿಯೂ

ಹಾಸನ ಜಿಲ್ಲೆಯ ಹೊಳೆನರಸೀಪುರ ತಾಲ್ಲೂಕಿನಲ್ಲಿ ಹರದನಹಳ್ಳಿ ಎಂಬ ಗ್ರಾಮವಿರುವುದು. 1996ನೆಯ ಇಸವಿಯ ಜೂನ್ ತಿಂಗಳಿನಲ್ಲಿ ಭಾರತದ ಪ್ರಧಾನಮಂತ್ರಿ ಪದವಿಯನ್ನು ವಹಿಸಿಕೊಂಡ ಶ್ರೀ ಎಚ್. ಡಿ. ದೇವೇಗೌಡರು 1933ರಲ್ಲಿ ಹುಟ್ಟಿದ ಊರೆಂಬ ಕಾರಣದಿಂದ ಇದರ ಹೆಸರನ್ನು ಕೇಳದವರು ವಿರಳ. ಆದರೆ ಆ ಹೆಸರಿನೊಳಗೇ ಅಡಗಿರುವ ಬೇರೊಂದು ಸಂಗತಿಯ ಕಡೆಗೆ ಲಕ್ಷ್ಯವಿಟ್ಟವರು ಕಡಮೆ. ‘ಹರದ’ ಎಂದರೆ ಹಳಗನ್ನಡದಲ್ಲಿ ವರ್ತಕನು. ‘ಹರದು’ ಎಂದರೆ ವ್ಯಾಪಾರ. ಈ ಅರ್ಥವನ್ನು ಒಪ್ಪುವುದಾದರೆ ಹರದನಹಳ್ಳಿಯೆಂಬುದು ವರ್ತಕನ ಹಳ್ಳಿ. ಚಾಮರಾಜನಗರದ ಬಳಿಯಲ್ಲಿಯೂ ಇದೇ ಹೆಸರಿನ ಇನ್ನೊಂದು ಊರಿರುವುದರಿಂದ, ಇಂಥ ಹೆಸರು ಒಂದೇ ಕಡೆಯ ಆಕಸ್ಮಿಕವಲ್ಲವೆಂದು ತಿಳಿಯಬಹುದು.

ವರ್ತಕನು ಬೇಸಾಯಗಾರನಂತೆ ನೆಲಕ್ಕೆ ಅಂಟಿಕೊಂಡವನಲ್ಲ. ಲಾಭವಿದ್ದ ಕಡೆಗೆ ಎತ್ತಿನ ಮೇಲೆ ಹೇರು ಹೊರಿಸಿಕೊಂಡು ಹೋಗತಕ್ಕವನು. ಅಂಥವನನ್ನು ಒಂದು ಊರಿನಲ್ಲಿ ನೆಲೆನಿಲ್ಲಿಸಬೇಕಾದರೆ ಊರಿನ ಒಡೆಯನು ಏನಾದರೊಂದು ಅನುಕೂಲವನ್ನು ಮುಂದಾಗಿ ಮಾಡಿಕೊಡಬೇಕಾಗುತ್ತಿತ್ತು. ‘ಮೊದಲ ತಿಂಗಳು ಬಾಡಿಗೆಯಿಲ್ಲ’, ‘ಮುಂಗಡ ಅರ್ಧ ಮಾತ್ರ’ ಎಂದು ಇಂದಿನ ಪಟ್ಟಣಗಳಲ್ಲಿ ಮನೆ ಹುಡುಕುವವನ ಕಣ್ಣಿಗೆ ಬೀಳುವ ಪ್ರಕಟನೆಗಳು ನವನಾಗರಿಕತೆಯ ಸೃಷ್ಟಿಯೆಂದು ಅನೇಕರು ಭಾವಿಸಿರುವರು. ಹಾಗಲ್ಲ. ಹೊಸದಾಗಿ ಬಂದು ನೆಲಸುವವನಿಗೆ ಕೆಲವು ಕಾಲ ಸಲಿಗೆ ತೋರಿಸುವ ಪದ್ಧತಿಯು ಕನ್ನಡನಾಡಿನಲ್ಲಿ ಬಹು ಹಳೆಯದು. ಅದು ಹೇಗೆ ಹುಟ್ಟಿತು, ಹೇಗೆ ತಲೆಕೆಳಗಾಯಿತು, ಮತ್ತೆ ಎಲ್ಲಿ ತಲೆಯೆತ್ತಿತು ಎಂಬುದನ್ನು ಪರಿಶೀಲಿಸುವುದು ಚರಿತ್ರೆಯ ದೃಷ್ಟಿಯಿಂದ ಮಾತ್ರವೇ ಅಲ್ಲದೆ ಮನೆ ಹುಡುಕುವವನ ದೃಷ್ಟಿಯಿಂದಲೂ ಪ್ರಯೋಜನಕರವಾದುದು.

ಮೊದಲು ಒಂದು ಮಾತಿನ ವಿಚಾರ. ಭೂಮಿಯನ್ನು ಉಳುವವನು ಒಕ್ಕಲು. ಒಡೆಯನ ಮನೆಯಲ್ಲಿ ಬಾಡಿಗೆಗಿರುವ ಸಂಸಾರವೂ ಒಕ್ಕಲು. ಇಬ್ಬರನ್ನೂ ಹೊರಡಿಸುವುದಕ್ಕೆ ಇರುವ ಶಬ್ದವೂ ಒಂದೇ: ಒಕ್ಕಲೆಬ್ಬಿಸುವುದು. ಹೊಲದ ಗೇಣಿಗೂ ಮನೆಯ ಬಾಡಿಗೆಗೂ ನ್ಯಾಯಾಲಯಗಳು ಇಂದು ಬೇರೆ ಬೇರೆ ಕಾನೂನುಗಳನ್ನು ನೋಡುತ್ತಿದ್ದರೂ, ಭಾಷೆಯು ಇವೆರಡನ್ನೂ ಒಂದೇ ಸಂಬಂಧವೆಂದು ಕಂಡಿದೆ. ಆದುದರಿಂದ ಮನೆಯ ರಿಯಾಯಿತಿಯ ಮೂಲವನ್ನು ಹುಡುಕುವವರು ಹೊಲಗದ್ದೆಗಳ ಕಡೆಗೂ ಒಂದಿಷ್ಟು ಹೋಗಿಬರಬೇಕಾಗುವುದು.

ಬಿ. ಎಲ್. ರೈಸ್ ಅವರು 1902ರಲ್ಲಿ ಹಾಸನ ಜಿಲ್ಲೆಯ ಶಾಸನಗಳನ್ನು ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಐದನೆಯ ಸಂಪುಟವಾಗಿ ಪ್ರಕಟಿಸಿದರು. ಅಂಥ ಸಂಪುಟಗಳ ಪುಟಗಳನ್ನು ತಿರುವಿದವರಿಗೆ ಆ ಕಾಲದ ತೆರಿಗೆಗಳ ಹೆಸರುಗಳು ಪರಿಚಿತವಾಗಿರುವುವು. ಮನೆಗೆ ಮನೆವಣ, ಮಗ್ಗಕ್ಕೆ ಮಗ್ಗದೆರೆ, ಗಾಣಕ್ಕೆ ಗಾಣದೆರೆ, ಅಂಗಡಿಗೆ ಅಂಗಡಿದೆರೆ; ಇವುಗಳ ಮೇಲೆ ಬಿಟ್ಟಿ ಬೇರೆ. ಇಷ್ಟನ್ನೆಲ್ಲ ತೆರಬೇಕೆಂದಿದ್ದರೆ ಹೊಸ ಊರಿಗೆ ಯಾರು ಬಂದಾರು? ಆದುದರಿಂದ ಹೊಸದಾಗಿ ಪೇಟೆಯನ್ನು ಕಟ್ಟಿಸುವಾಗ ಅಥವಾ ಸಂತೆಯನ್ನು ಕೂಡಿಸುವಾಗ, ಅಲ್ಲಿಗೆ ಬಂದು ನೆಲಸುವ ಸೆಟ್ಟಿಗಳಿಗೂ ನೇಯ್ಗೆಯವರಿಗೂ ಗಾಣಿಗರಿಗೂ ಮೊದಲ ಕೆಲವು ಕಾಲ ಈ ತೆರಿಗೆಗಳನ್ನು ಬಿಟ್ಟುಕೊಡುವ ಪದ್ಧತಿಯಿತ್ತು. ಸಂತೆಯನ್ನು ಕೂಡಿಸುವ ಹೊಣೆಯನ್ನು ಹೊತ್ತ ಪಟ್ಟಣಸ್ವಾಮಿಗೆ ಮಾನ್ಯದ ಭೂಮಿ ದೊರೆಯುತ್ತಿತ್ತು. ಇಂದು ಬಹುಮಹಡಿ ಕಟ್ಟಡದ ಒಡೆಯನಿಗಾಗಿ ಒಕ್ಕಲುಗಳನ್ನು ಕೂಡಿಸಿ ಕೊಡುವ ದಳ್ಳಾಳಿಗೆ ಒಂದು ತಿಂಗಳ ಬಾಡಿಗೆ ದೊರೆಯುವುದಷ್ಟೆ. ಆ ಕಾಲದವನು ಹೆಚ್ಚು ಅದೃಷ್ಟಶಾಲಿ.

ಇದೇ ಸೀಮೆಯಲ್ಲಿ ಚನ್ನರಾಯಪಟ್ಟಣ, ಹೊಳೆನರಸೀಪುರ, ಅರಕಲಗೂಡುಗಳು ಪಾಳೆಯಗಾರರ ಕಾಲದಲ್ಲಿ ಕೋಟೆ ಪೇಟೆಗಳಿಂದ ಬೆಳೆದ ಊರುಗಳು. ಪಾಳೆಯಗಾರನಿಗೆ ಕೋಟೆಯ ಗೋಡೆಗಿಂತಲೂ ದುರ್ಲಭವಾಗಿದ್ದುದು ಅದರೊಳಗೆ ಇರತಕ್ಕ ಜನ. ನೆಲವು ವಿಶೇಷವಾಗಿಯೂ ಜನವು ವಿರಳವಾಗಿಯೂ ಇದ್ದ ಕಾಲವದು. ಒಬ್ಬ ಒಡೆಯನ ಸುಂಕವು ಹೆಚ್ಚಾದರೆ ಒಕ್ಕಲುಗಳು ರಾತ್ರೋರಾತ್ರಿ ಗಂಟುಮೂಟೆ ಕಟ್ಟಿಕೊಂಡು ಪಕ್ಕದ ಸೀಮೆಗೆ ಹೊರಟುಹೋಗುತ್ತಿದ್ದರು. ಆ ಕಾಲದ ರಿಯಾಯಿತಿಯು ಒಡೆಯನ ಔದಾರ್ಯದಿಂದ ಬಂದುದೆನ್ನುವುದಕ್ಕಿಂತ ಅವನ ಭಯದಿಂದ ಬಂದುದೆನ್ನುವುದು ಸತ್ಯಕ್ಕೆ ಹತ್ತಿರವಾಗಿರುವುದು.

ಮೈಸೂರು ಸಂಸ್ಥಾನದ ಕಂದಾಯದ ವ್ಯವಸ್ಥೆಯಲ್ಲಿ ಈ ರಿಯಾಯಿತಿಗೆ ಒಂದು ಸ್ಪಷ್ಟವಾದ ರೂಪವೂ ಹೆಸರೂ ಉಂಟಾದುವು. ಅದೇ ಶ್ರಾಯ. ಪಾಳುಬಿದ್ದ ಭೂಮಿಯನ್ನು ಸಾಗುವಳಿಗೆ ತರಲು ಒಪ್ಪಿದ ರೈತನಿಗೆ ಮೊದಲ ವರ್ಷ ಕಂದಾಯವು ಇಲ್ಲವೆಂಬಷ್ಟು ಕಡಮೆ. ಆ ಮೇಲೆ ವರ್ಷವರ್ಷಕ್ಕೂ ಏರುತ್ತ, ಗೊತ್ತಾದ ಅವಧಿಯ ಕೊನೆಗೆ ಅದು ಪೂರ್ಣ ಕಂದಾಯವನ್ನು ಮುಟ್ಟುವುದು. ಉದಾಹರಣೆಗೆ, ಪೂರ್ಣ ಕಂದಾಯವು 10 ವರಹವಾಗಿದ್ದು ಐದು ವರ್ಷದ ಶ್ರಾಯವಾದರೆ, 2, 4, 6, 8 ಎಂದು ಏರಿ ಐದನೆಯ ವರ್ಷ 10ಕ್ಕೆ ಬರುವುದೆಂದು ತಿಳಿಯಬಹುದು. ಇದರ ನ್ಯಾಯವು ಗೋಚರವಾಗಿಯೇ ಇದೆ. ಪಾಳುಭೂಮಿಯ ಮುಳ್ಳು ಕಡಿದು, ಕಲ್ಲು ಆಯ್ದು, ಬದು ಹಾಕುವ ವರ್ಷ ಫಸಲು ಬಾರದು. ಫಸಲು ಬಾರದ ವರ್ಷದಲ್ಲಿ ಕಂದಾಯವನ್ನು ಕೇಳಿದರೆ ಭೂಮಿಯು ಪಾಳಾಗಿಯೇ ಉಳಿಯುವುದು. ಕೆರೆಯನ್ನು ಕಟ್ಟಿಸಿದವನಿಗೆ ಅಥವಾ ದುರಸ್ತು ಮಾಡಿಸಿದವನಿಗೆ ದೊರೆಯುತ್ತಿದ್ದ ಕಟ್ಟುಕೊಡಗಿಯೂ ಇದೇ ಭಾವದಿಂದ ಹುಟ್ಟಿದುದು. ಯುದ್ಧದಿಂದ ಊರು ಬಿಟ್ಟು ಓಡಿದವರನ್ನು ಹಿಂದಕ್ಕೆ ಕರೆಯುವಾಗ ಸರ್ಕಾರವು ಕೊಡುತ್ತಿದ್ದ ಅಭಯಪತ್ರಕ್ಕೆ ಕೌಲು ಎಂದು ಹೆಸರು.

ಶ್ರಾಯದಲ್ಲಿ ವಿಶೇಷವಾಗಿ ಗಮನಿಸತಕ್ಕ ಅಂಶವೊಂದುಂಟು. ಮೊದಲ ವರ್ಷದ ಸಲಿಗೆಯ ಜೊತೆಯಲ್ಲಿಯೇ ಕೊನೆಯ ವರ್ಷದ ಭಾರವೂ ಗೊತ್ತಾಗಿರುತ್ತಿತ್ತು. ರೈತನು ಭೂಮಿಗೆ ಕೈಹಾಕುವ ದಿನವೇ ಐದನೆಯ ವರ್ಷದಲ್ಲಿ ತಾನು ಏನು ತೆರಬೇಕಾಗುವುದೆಂಬುದನ್ನು ಬಲ್ಲನು. ಬಲ್ಲವನಾದುದರಿಂದಲೇ ಕೆಲವು ಜಾಣರು ಪೂರ್ಣ ಕಂದಾಯದ ವರ್ಷ ಹತ್ತಿರವಾದಾಗ ಆ ಭೂಮಿಯನ್ನು ಬಿಟ್ಟು ಬೇರೊಂದು ಪಾಳನ್ನು ಹೊಸ ಶ್ರಾಯಕ್ಕೆ ಹಿಡಿಯುವುದೂ ಅಸಾಧ್ಯವಾಗಿರಲಿಲ್ಲ. ಸರ್ಕಾರಕ್ಕೆ ಇದು ನಷ್ಟವೇ ಸರಿ. ಆದರೆ ಮೋಸವು ಒಂದು ಪಕ್ಷದಲ್ಲಿಯೂ ಇರಲಿಲ್ಲ. ಲೆಕ್ಕವು ಇಬ್ಬರಿಗೂ ತಿಳಿದ ಲೆಕ್ಕವಾಗಿತ್ತು. ಪ್ರಕೃತ ವಿಷಯಕ್ಕೆ ಇದನ್ನೇ ಒರೆಗಲ್ಲಾಗಿ ಇಟ್ಟುಕೊಂಡು ಮುಂದಿನ ಸಂಗತಿಗಳನ್ನು ನೋಡಬೇಕು.

ಹೊಲದಿಂದ ನಗರಕ್ಕೆ ಬರುವುದಾದರೆ ಬೆಂಗಳೂರೇ ಉತ್ತಮವಾದ ನಿದರ್ಶನ. ಹರದನಹಳ್ಳಿಯ ಸುತ್ತಿನ ಸೀಮೆಯವರು ಓದಿಗಾಗಿಯೂ ಉದ್ಯೋಗಕ್ಕಾಗಿಯೂ ಊರು ಬಿಟ್ಟು ಹೊರಟಾಗ ಹಾಸನ, ಮೈಸೂರುಗಳ ತರುವಾಯ ಸೇರುವ ಸ್ಥಳವೂ ಅದೇ. 1537ರಲ್ಲಿ ಕೆಂಪೇಗೌಡನು ಮಣ್ಣಿನ ಕೋಟೆಯನ್ನು ಕಟ್ಟಿಸಿ ಪೇಟೆಯನ್ನು ನಿರ್ಮಿಸಿದಾಗ ಅವನಿಗೂ ಬೇಕಾಗಿದ್ದುದು ಜನವೇ. ಚಿಕ್ಕಪೇಟೆ, ದೊಡ್ಡಪೇಟೆಗಳೆಂಬ ಎರಡು ಬೀದಿಗಳು ಅಡ್ಡಲಾಗಿ ಕೂಡುವ ಸ್ಥಳವನ್ನು ನಡುವಾಗಿಟ್ಟುಕೊಂಡು, ಅಕ್ಕಿಪೇಟೆ, ರಾಗಿಪೇಟೆ, ಬಳೇಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ, ಉಪ್ಪಾರಪೇಟೆ, ತರಗುಪೇಟೆ ಎಂದು ಒಂದೊಂದು ಕಸುಬಿಗೂ ಸರಕಿಗೂ ಒಂದೊಂದು ಪೇಟೆಯು ಬೆಳೆಯಿತು. ಬಂದವನಿಗೆ ತನ್ನವರ ನಡುವೆ ಇರಲು ಸ್ಥಳ, ಎದುರಿಗೇ ಸಂತೆ. ಇದಕ್ಕಿಂತ ದೊಡ್ಡ ಆಕರ್ಷಣೆಯೇನು ಬೇಕು? 17ನೆಯ ಶತಮಾನದ ಕೊನೆಯಲ್ಲಿ ಮೊಗಲರ ಸೇನಾನಿಯಾದ ಖಾಸಿಂಖಾನನು ಈ ಊರನ್ನೇ ಚಿಕ್ಕದೇವರಾಜ ಒಡೆಯರಿಗೆ 3 ಲಕ್ಷ ರೂಪಾಯಿಗೆ ಬಿಟ್ಟುಕೊಟ್ಟನು. ಮಾರಿದನೆಂದು ಕೆಲವರೂ ಗುತ್ತಿಗೆಗೆ ಕೊಟ್ಟನೆಂದು ಕೆಲವರೂ ಬರೆದಿರುವರು. ಎರಡನೆಯ ಪಕ್ಷವೇ ನಿಜವಾದರೆ, ಬಾಡಿಗೆಯ ಮನೆಗಳಿಗೆ ಹೆಸರಾದ ಬೆಂಗಳೂರು ತಾನೇ ಒಮ್ಮೆ ಬಾಡಿಗೆಗೆ ಹೋಗಿದ್ದ ಊರು ಎಂದಾಯಿತು.

1791ರಲ್ಲಿ ಕಾರ್ನ್‌ವಾಲಿಸನ ಸೈನ್ಯವು ಬೆಂಗಳೂರನ್ನು ಹಿಡಿದ ಮೇಲೆ ಊರು ಬಹಳವಾಗಿ ಹಾಳಾಯಿತು. 1800ರಲ್ಲಿ ಮದರಾಸಿನಿಂದ ಹೊರಟು ಮೈಸೂರು ಸೀಮೆಯನ್ನು ಸಂಚರಿಸಿದ ಫ್ರಾನ್ಸಿಸ್ ಬುಕಾನನನು, ಪೂರ್ಣಯ್ಯನವರ ಆಡಳಿತದಲ್ಲಿ ಜನರು ಬೆಂಗಳೂರಿಗೆ ಹಿಂದಿರುಗಿ ಬರುತ್ತಿರುವುದನ್ನೂ ವ್ಯಾಪಾರವು ಚೇತರಿಸಿಕೊಳ್ಳುತ್ತಿರುವುದನ್ನೂ ಕಂಡನು. 1809ರಲ್ಲಿ ದಂಡುಪ್ರದೇಶವು ಏರ್ಪಟ್ಟ ಮೇಲೆ ಜನರನ್ನು ಕರೆದು ತರುವ ಅಗತ್ಯವು ಕ್ರಮವಾಗಿ ತಪ್ಪಿತು. ಕರೆಯದೆಯೇ ಬರುವವರು ಹೆಚ್ಚಾದರು.

ಇಲ್ಲಿಂದ ಮುಂದೆ ತಕ್ಕಡಿಯು ಇನ್ನೊಂದು ಕಡೆಗೆ ವಾಲುವುದು.

1898ರ ಆಗಸ್ಟ್ ತಿಂಗಳಲ್ಲಿ ಬೆಂಗಳೂರಿಗೆ ಪ್ಲೇಗು ಬಂದಿತು. ಗಾಳಿ ಬೆಳಕಿಲ್ಲದ ಪೇಟೆಯ ಮನೆಗಳನ್ನು ಬಿಟ್ಟು ಜನರು ಬಯಲಿನ ಗುಡಿಸಲುಗಳಿಗೆ ಓಡಿದರು. ಬಾಗಿಲಿಗೆ ಬೀಗ ಬಿದ್ದ ಮನೆಗಳ ಸಾಲುಗಳನ್ನು ಊರು ಕಂಡಿತು. ಆದರೆ ಆ ತೆರವಿನಿಂದ ಯಾರಿಗೂ ರಿಯಾಯಿತಿ ದೊರೆಯಲಿಲ್ಲ. ಸಾವಿನ ಮನೆಯನ್ನು ಬಾಡಿಗೆಯಿಲ್ಲದೆ ಕೊಟ್ಟರೂ ಒಲ್ಲೆನೆನ್ನುವ ಕಾಲವದು. ಸರ್ಕಾರವು ಅಗಲವಾದ ರಸ್ತೆಗಳೂ ಹಿತ್ತಿಲ ಗಲ್ಲಿಗಳೂ ಉಳ್ಳ ಬಸವನಗುಡಿ, ಮಲ್ಲೇಶ್ವರಗಳೆಂಬ ಹೊಸ ಬಡಾವಣೆಗಳನ್ನು ಏರ್ಪಡಿಸಿತು. ಅಲ್ಲಿ ನಿವೇಶನವನ್ನು ಪಡೆದು ಮನೆ ಕಟ್ಟಿಸಿದವರಲ್ಲಿ ಅಧಿಕಾರಿಗಳು, ವಕೀಲರು, ಉಪಾಧ್ಯಾಯರು ಹೆಚ್ಚು. ಒಂದೇ ನಿವೇಶನದಲ್ಲಿ ಮುಂದುಗಡೆ ಯಜಮಾನನ ಮನೆ, ಹಿಂದುಗಡೆ ಸಾಲಾಗಿ ಬಾಡಿಗೆಯ ಸಣ್ಣ ಮನೆಗಳು ಎಂಬ ಕ್ರಮವು ಕಾಲಕ್ರಮದಲ್ಲಿ ರೂಢಿಯಾಯಿತು. ಇದೇ ವಠಾರ. ಪಾಶ್ಚಾತ್ಯ ದೇಶಗಳ ಅಪಾರ್ಟ್‌ಮೆಂಟು ಕನ್ನಡನಾಡಿಗೆ ಬರುವುದಕ್ಕಿಂತ ಬಹು ಮೊದಲೇ ಕನ್ನಡಿಗರು ಕಂಡುಕೊಂಡ ಅಪಾರ್ಟ್‌ಮೆಂಟು ವಠಾರವೇ.

ವಠಾರದ ಜೀವನವು ಒಂದು ಪ್ರತ್ಯೇಕ ಗ್ರಂಥಕ್ಕೆ ವಿಷಯವಾಗತಕ್ಕದ್ದು. ನಡುವೆ ಅಂಗಳ, ಅಂಗಳದಲ್ಲಿ ಒಂದೇ ನಲ್ಲಿ, ಮೂಲೆಯಲ್ಲಿ ಎಲ್ಲರಿಗೂ ಸೇರಿದ ಪಾಯಖಾನೆ. ಸುತ್ತಲೂ ಒಂದು ಕೋಣೆ, ಒಂದು ಅಡಿಗೆಮನೆಯ ಸಂಸಾರಗಳು. ಬೆಳಗಿನ ಜಾವ ನಲ್ಲಿಯ ಮುಂದೆ ಬಿಂದಿಗೆಗಳು ಸಾಲಾಗಿ ನಿಲ್ಲುವುವು. ರಾತ್ರಿ ಹತ್ತು ಗಂಟೆಯ ಮೇಲೆ ದೀಪ ಉರಿಯಕೂಡದು. ನೆಂಟರು ಮೂರು ದಿವಸಕ್ಕಿಂತ ಹೆಚ್ಚು ಇರಕೂಡದು. ಒರಳಿನಲ್ಲಿ ಹೊತ್ತಲ್ಲದ ಹೊತ್ತಿನಲ್ಲಿ ರುಬ್ಬಕೂಡದು. ಇವು ಬರೆಯದ ಕರಾರುಗಳು. ಆದರೆ ಬರೆಯದ ರಿಯಾಯಿತಿಗಳೂ ಅಲ್ಲಿಯೇ ಇದ್ದುವು. ಸಂಬಳ ತಡವಾದ ತಿಂಗಳು ಬಾಡಿಗೆಯೂ ತಡವಾಗಬಹುದು. ಮನೆಯಲ್ಲಿ ಹೆರಿಗೆಯಾದರೆ ಯಜಮಾನತಿಯೇ ಬಂದು ಎಣ್ಣೆ ನೀರೆರೆದಾಳು. ಹತ್ತು ವರ್ಷವಿದ್ದ ಒಕ್ಕಲಿಗೆ ಬಾಡಿಗೆಯನ್ನು ಏರಿಸಲು ಯಜಮಾನನಿಗೆ ಸಂಕೋಚ. ಹೊಸಬನಿಗೆ ಸಲಿಗೆಯಿಲ್ಲ, ಹಳಬನಿಗೆ ಉಂಟು ಎಂಬುದು ವಠಾರದ ನ್ಯಾಯ. ಇದು ಶ್ರಾಯಕ್ಕೆ ನೇರವಾಗಿ ವಿರುದ್ಧವಾದುದು. ವಠಾರದ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲವೆಂಬುದನ್ನೂ ಇಲ್ಲಿಯೇ ಹೇಳಬೇಕು. ‘ಯಾವ ಜನ?’ ಎಂಬ ಪ್ರಶ್ನೆಯು ಬಾಡಿಗೆಯ ಮಾತಿಗಿಂತ ಮೊದಲು ಬರುತ್ತಿತ್ತು. ಹಳ್ಳಿಯಿಂದ ಬಂದ ಬಡ ಹುಡುಗನಿಗೆ ಆ ಪ್ರಶ್ನೆಯೇ ಮುಚ್ಚಿದ ಬಾಗಿಲು. 1906ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಒಕ್ಕಲಿಗರ ಸಂಘವೇ ಮೊದಲಾದ ಸಂಸ್ಥೆಗಳು ವಿದ್ಯಾರ್ಥಿನಿಲಯಗಳನ್ನು ನಡೆಸುವ ಕಾರ್ಯಕ್ಕೆ ಕೈಹಾಕಿದುದರ ಹಿನ್ನೆಲೆಯಲ್ಲಿ ಈ ಕಷ್ಟವೂ ಇತ್ತೆಂಬುದನ್ನು ಮರೆಯಲಾಗದು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ನಗರಗಳಲ್ಲಿ ಮನೆಗಳ ಅಭಾವವು ತೀವ್ರವಾಗಿ, ಬಾಡಿಗೆಯನ್ನು ಕಾನೂನಿನಿಂದ ಹಿಡಿದಿಡುವ ಪ್ರಯತ್ನಗಳು ದೇಶದ ಎಲ್ಲ ಕಡೆಯೂ ನಡೆದುವು. ಮೈಸೂರಿನಲ್ಲಿ 1951ರ ಶಾಸನವೂ, ಏಕೀಕರಣದ ತರುವಾಯ 1961ರ ಬಾಡಿಗೆ ನಿಯಂತ್ರಣ ಶಾಸನವೂ ಬಂದುವು. ಮನೆಯು ತೆರವಾದರೆ ನಿಯಂತ್ರಣಾಧಿಕಾರಿಗೆ ತಿಳಿಸಬೇಕು, ಅವನು ಅದನ್ನು ಯಾರಿಗೆ ಬೇಕಾದರೂ ಗೊತ್ತುಮಾಡಬಹುದು, ಬಾಡಿಗೆಯು ನ್ಯಾಯವಾದುದಾಗಿರಬೇಕು, ಗೊತ್ತಾದ ಕಾರಣಗಳಿಲ್ಲದೆ ಒಕ್ಕಲೆಬ್ಬಿಸಕೂಡದು. ಉದ್ದೇಶವು ಒಳ್ಳೆಯದೇ. ಹಳೆಯ ಒಕ್ಕಲುಗಳಿಗೆ ಅದರಿಂದ ರಕ್ಷೆಯೂ ದೊರೆಯಿತು. ಆದರೆ ಎಬ್ಬಿಸಲಾಗದ ಒಕ್ಕಲನ್ನು ಒಳಗೆ ಬಿಡುವ ಮೊದಲು ಯಜಮಾನನು ಹತ್ತು ಸಲ ಯೋಚಿಸತೊಡಗಿದನು. ಮುಂಬಯಿಯಲ್ಲಿ ಇದು ಪಗಡಿಯ ರೂಪವನ್ನು ತಾಳಿತು. ಬೆಂಗಳೂರಿನಲ್ಲಿ ಬೆಳೆದುದು, ಜನರು ‘ಅಡ್ವಾನ್ಸ್’ ಎಂದು ಕರೆಯುವ ಮುಂಗಡದ ಹಣ. ಹತ್ತು ತಿಂಗಳ ಬಾಡಿಗೆಯನ್ನು ಮೊದಲೇ ಎಣಿಸಿಕೊಡಬೇಕೆಂಬ ಬೆಂಗಳೂರಿನ ರೂಢಿಯು ಉತ್ತರದ ನಗರಗಳಿಂದ ಬಂದವರನ್ನು ಬೆರಗುಗೊಳಿಸುವುದು. ಅಲ್ಲಿ ಎರಡು ಮೂರು ತಿಂಗಳ ಬಾಡಿಗೆಯೇ ಸಾಮಾನ್ಯ. ಶಾಸನದ ಅಂಜಿಕೆಯೊಂದೇ ಇದಕ್ಕೆ ಕಾರಣವೆಂದು ಹೇಳಲಾಗದು. ಮನೆ ಕಟ್ಟಿಸಿ ಸಾಲಗಾರನಾದ ಯಜಮಾನನಿಗೆ ಬಡ್ಡಿಯಿಲ್ಲದೆ ದೊರೆಯುವ ಹಣವು ಈ ಮುಂಗಡವೇ ಆಗಿದ್ದಿತು. 2001ರ ಡಿಸೆಂಬರ್ 31ರಿಂದ ಜಾರಿಗೆ ಬಂದ ಕರ್ನಾಟಕ ಬಾಡಿಗೆ ಅಧಿನಿಯಮವು ಬೆಂಗಳೂರಿನಂಥ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿಗಿಂತ ಹೆಚ್ಚಿನ ಬಾಡಿಗೆಯ ಮನೆಗಳನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿತು. ಅಂಜಿಕೆಯ ಕಾರಣವು ಬಹುಮಟ್ಟಿಗೆ ಹೋಯಿತು, ಮುಂಗಡವು ಹೋಗಲಿಲ್ಲ. 2021ರ ಜೂನ್ ತಿಂಗಳಲ್ಲಿ ಕೇಂದ್ರದ ಮಂತ್ರಿಮಂಡಲವು ಒಪ್ಪಿದ ಮಾದರಿ ಬಾಡಿಗೆ ಶಾಸನವು ವಾಸದ ಮನೆಗೆ ಎರಡು ತಿಂಗಳ ಬಾಡಿಗೆಯನ್ನು ಮೀರಿ ಮುಂಗಡವನ್ನು ಪಡೆಯಕೂಡದೆಂದು ಹೇಳುವುದು. ಆದರೆ ಅದು ಮಾದರಿಯೇ ಹೊರತು, ಒಂದೊಂದು ರಾಜ್ಯವೂ ತಾನಾಗಿ ಅಂಗೀಕರಿಸಿದಲ್ಲದೆ ಬಲವುಳ್ಳದ್ದಲ್ಲ.

ಮುಂಗಡವೆಂಬುದು ಬಾಡಿಗೆಯ ಲೆಕ್ಕವನ್ನು ಹೇಗೆ ಮರೆಸುವುದೆಂಬುದನ್ನು ವಾಚಕರು ಒಂದು ಉದಾಹರಣೆಯಿಂದ ಗ್ರಹಿಸಬಹುದು. ಒಂದು ಮನೆಗೆ ತಿಂಗಳಿಗೆ 20,000 ರೂಪಾಯಿ ಬಾಡಿಗೆ, ಹತ್ತು ತಿಂಗಳ ಮುಂಗಡ 2 ಲಕ್ಷ. ಇನ್ನೊಂದಕ್ಕೆ 20,500 ಬಾಡಿಗೆ, ಎರಡು ತಿಂಗಳ ಮುಂಗಡ 41,000. ಮೊದಲನೆಯದೇ ಅಗ್ಗವೆಂದು ತೋರುವುದು. ಬ್ಯಾಂಕಿನಲ್ಲಿ ನೂರಕ್ಕೆ 6ರಂತೆ ಬಡ್ಡಿ ದೊರೆಯುವುದೆಂದು ಇಟ್ಟುಕೊಂಡರೆ, ವರ್ಷಕ್ಕೆ ಮೊದಲನೆಯ ಮನೆಯ ಒಕ್ಕಲು 12,000 ರೂಪಾಯಿ ಬಡ್ಡಿಯನ್ನು ಕಳೆದುಕೊಳ್ಳುವನು. ಎರಡನೆಯವನು 2,460 ಮಾತ್ರ. ಬಾಡಿಗೆಯನ್ನೂ ಕೂಡಿಸಿದರೆ ಮೊದಲನೆಯವನಿಗೆ 2,52,000, ಎರಡನೆಯವನಿಗೆ 2,48,460. ಅಗ್ಗವೆಂದು ತೋರಿದ್ದು ತುಟ್ಟಿಯಾಯಿತು. ಇದರ ಮೇಲೆ ಮನೆ ಬಿಡುವಾಗ ಸುಣ್ಣಬಣ್ಣದ ಬಾಬ್ತೆಂದು ಒಂದು ತಿಂಗಳ ಬಾಡಿಗೆಯನ್ನು ಮುರಿದುಕೊಳ್ಳುವ ರೂಢಿಯೂ ಬೆಂಗಳೂರಿನಲ್ಲಿ ಉಂಟು. ಮುಂಗಡವನ್ನು ತಿಂಗಳ ಬಾಡಿಗೆಯಷ್ಟೇ ಗಂಭೀರವಾಗಿ ಚೌಕಾಸಿ ಮಾಡುವವರು ಏಕೆ ಅಷ್ಟು ವಿರಳವೋ ತಿಳಿಯದು.

ಮುಂಗಡವು ಪರಾಕಾಷ್ಠೆಗೆ ಮುಟ್ಟಿದರೆ ಭೋಗ್ಯವಾಗುವುದು. ಹಲವು ಲಕ್ಷಗಳ ಇಡುಗಂಟನ್ನು ಯಜಮಾನನಿಗೆ ಕೊಟ್ಟು, ತಿಂಗಳ ಬಾಡಿಗೆಯಿಲ್ಲದೆ ಎರಡು ಮೂರು ವರ್ಷ ವಾಸಮಾಡಿ, ಹೊರಡುವಾಗ ಪೂರ್ತಿ ಹಣವನ್ನು ಹಿಂದಕ್ಕೆ ಪಡೆಯುವ ಈ ಕ್ರಮವು ಹಳ್ಳಿಯ ಭೋಗ್ಯದ ಅಡಮಾನದ ತಮ್ಮನೇ. ಕೊರಿಯಾ ದೇಶದಲ್ಲಿಯೂ ಇಂಥದೇ ಪದ್ಧತಿಯು ‘ಜಿಯೋನ್ಸೆ’ ಎಂಬ ಹೆಸರಿನಿಂದ ಇರುವುದು. ಬಾಡಿಗೆಯೇ ಇಲ್ಲವೆಂಬುದಕ್ಕಿಂತ ಹಿರಿದಾದ ರಿಯಾಯಿತಿಯು ಮತ್ತಾವುದು? ಆದರೆ ಯಜಮಾನನು ಆ ಮನೆಯನ್ನು ಮೊದಲೇ ಬ್ಯಾಂಕಿಗೆ ಅಡವಿಟ್ಟಿದ್ದು, ಸಾಲವನ್ನು ತೀರಿಸದೆ ಹೋದರೆ, ಬ್ಯಾಂಕಿನವರು ಬಾಗಿಲಿಗೆ ಬಂದ ದಿನ ಭೋಗ್ಯದಾರನಿಗೆ ಮನೆಯೂ ಇಲ್ಲ, ಗಂಟೂ ಇಲ್ಲ. ಊರಿನಲ್ಲಿ ಅರ್ಧ ಎಕರೆಯನ್ನು ಮಾರಿ ತಂದ ಹಣವು ಹೀಗೆ ಹೋದರೆ ಆ ಸಂಸಾರವು ಮತ್ತೆ ತಲೆಯೆತ್ತುವುದು ಕಷ್ಟ. ಮನೆಯ ಮೇಲಿರುವ ಋಣಭಾರದ ಪತ್ರವನ್ನು ಉಪನೋಂದಣಾಧಿಕಾರಿಯ ಕಛೇರಿಯಲ್ಲಿ ಪಡೆಯುವುದಕ್ಕೆ ಆಗುವ ವೆಚ್ಚವು ಅಲ್ಪ. ಆ ಅಲ್ಪವನ್ನು ಉಳಿಸಲು ಹೋದವರೇ ಹೆಚ್ಚಾಗಿ ಇಂಥ ಕಷ್ಟಕ್ಕೆ ಸಿಕ್ಕಿಬೀಳುವರು.

ಇಷ್ಟಾದರೂ ಬಂದವರಿಗೆ ರಿಯಾಯಿತಿ ಎಂಬುದು ಕನ್ನಡನಾಡಿನ ನಗರಗಳಲ್ಲಿ ಪೂರ್ಣವಾಗಿ ಅಳಿಯಲಿಲ್ಲ. ಪಂಚಾಂಗವು ಅದನ್ನು ಉಳಿಸಿಕೊಂಡಿತು. ಆಷಾಢಮಾಸದಲ್ಲಿ ಮನೆ ಬದಲಾಯಿಸಬಾರದು, ಧನುರ್ಮಾಸದಲ್ಲಿಯೂ ಬಾರದು ಎಂಬ ನಂಬಿಕೆಯು ಇಂದಿಗೂ ಬಲವಾಗಿಯೇ ಇರುವುದು. ಬಾಡಿಗೆಯ ಮನೆಯಾದರೂ ಶುಭದಿನವನ್ನು ನೋಡಿ ಹಾಲುಕ್ಕಿಸಿಯೇ ಒಳಹೊಗಬೇಕು. ಮಕ್ಕಳ ಶಾಲೆಗಳು ಜೂನಿನಲ್ಲಿ ಆರಂಭವಾಗುವುದರಿಂದ ಏಪ್ರಿಲ್, ಮೇ ತಿಂಗಳುಗಳಲ್ಲಿ ಮನೆಗಳಿಗೆ ನೂಕುನುಗ್ಗಲು; ಆಷಾಢವು ಬಂದೊಡನೆ ‘ಮನೆ ಬಾಡಿಗೆಗಿದೆ’ ಎಂಬ ಹಲಗೆಗಳು ಮಳೆಯಲ್ಲಿ ನೆನೆಯುತ್ತ ತೂಗಾಡುವುವು. ಆಗ ಮನೆಯನ್ನು ಮಾತಾಡಿ ಸ್ವಲ್ಪ ಹಣವನ್ನು ಕೊಟ್ಟು, ಶ್ರಾವಣದ ಮೊದಲ ವಾರದಲ್ಲಿ ಬರುವೆನೆಂದರೆ, ನಡುವಣ ದಿವಸಗಳ ಬಾಡಿಗೆಯನ್ನು ಯಜಮಾನನು ಬಿಟ್ಟುಕೊಡುವುದು ಅಪರೂಪವಲ್ಲ. ಆಷಾಢವನ್ನು ಎಣಿಸದವನಿಗಂತೂ ಇನ್ನೂ ಹೆಚ್ಚಿನ ಲಾಭ. ಮಾತುಗಾರನಾದರೆ ಮುಂಗಡದಲ್ಲಿ ಒಂದೆರಡು ತಿಂಗಳನ್ನಾದರೂ ಇಳಿಸಿಕೊಂಡಾನು.

ಈ ರಿಯಾಯಿತಿಯನ್ನು ಒಂದು ಶಾಸ್ತ್ರವನ್ನಾಗಿಯೇ ಮಾಡಿರುವವರು ಅಮೆರಿಕದವರು. ಉದ್ಯೋಗಕ್ಕಾಗಿ ಅಲ್ಲಿಗೆ ಹೋದ ಕನ್ನಡದ ಸಂಸಾರಗಳಿಗೆ ಇದು ಮೊದಲ ವಾರದಲ್ಲಿಯೇ ಅನುಭವಕ್ಕೆ ಬರುವುದು. ನ್ಯೂಯಾರ್ಕ್ ನಗರದಲ್ಲಿ ಒಂದಾನೊಂದು ಕಾಲದಲ್ಲಿ ಬಾಡಿಗೆಯ ಕರಾರುಗಳು ಮೇ 1ನೆಯ ತಾರೀಖಿನಂದು ಒಟ್ಟಿಗೆ ಮುಗಿದು, ಆ ಒಂದೇ ದಿನ ನಗರದ ಬೀದಿಗಳೆಲ್ಲ ಮನೆಸಾಮಾನಿನ ಬಂಡಿಗಳಿಂದ ತುಂಬಿಹೋಗುತ್ತಿದ್ದುವು. 1929ರ ಆರ್ಥಿಕ ಪತನದ ಮೇಲೆ ಕಟ್ಟಡಗಳು ಬರಿದಾದಾಗ, ಒಂದು ತಿಂಗಳಷ್ಟೇ ಅಲ್ಲ, ಕೆಲವೆಡೆ ಇನ್ನೂ ಹೆಚ್ಚು ಕಾಲ ಬಾಡಿಗೆಯನ್ನು ಬಿಟ್ಟುಕೊಟ್ಟು ಒಕ್ಕಲುಗಳನ್ನು ಕರೆಯುತ್ತಿದ್ದರು. ಇಂದಿಗೂ ಹೊಸ ಕಟ್ಟಡವು ಎದ್ದಾಗ, ಅಥವಾ ಚಳಿಗಾಲದಲ್ಲಿ ಮನೆ ಹುಡುಕುವವರು ಕಡಮೆಯಾದಾಗ, ‘ಹನ್ನೆರಡು ತಿಂಗಳ ಕರಾರಿಗೆ ಒಂದು ತಿಂಗಳು ಬಾಡಿಗೆಯಿಲ್ಲ’ ಎಂಬ ಪ್ರಕಟನೆಗಳು ಕಾಣಿಸಿಕೊಳ್ಳುವುವು.

ಬಾಡಿಗೆಯನ್ನೇ ಇಳಿಸಬಾರದೇಕೆ ಎಂದು ಕೇಳಬಹುದು. ತಿಂಗಳಿಗೆ 2,400 ಡಾಲರಿನ ಮನೆಗೆ ಒಂದು ತಿಂಗಳನ್ನು ಬಿಟ್ಟರೆ ವರ್ಷಕ್ಕೆ ಕೊಡುವುದು 26,400. ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 2,200. ಆದರೆ ಕಾಗದದಲ್ಲಿ ಬರೆಯುವುದು 2,400 ಎಂದೇ. ಕಟ್ಟಡದ ಬೆಲೆಯನ್ನೂ ಅದರ ಮೇಲಿನ ಸಾಲವನ್ನೂ ಕಾಗದದ ಬಾಡಿಗೆಯಿಂದ ಅಳೆಯುವುದರಿಂದ ಯಜಮಾನನು ಆ ಅಂಕಿಯನ್ನು ಮುಟ್ಟಲೊಲ್ಲನು. ಮರುವರ್ಷ ಕರಾರನ್ನು ಹೊಸದು ಮಾಡುವಾಗ ಏರಿಕೆಯನ್ನು ಎಣಿಸುವುದು 2,400ರ ಮೇಲೆ. ಬಿಟ್ಟ ತಿಂಗಳು ಮತ್ತೆ ಬಾರದು. ನಡುವೆ ಮನೆ ಬಿಟ್ಟರೆ, ಬಿಟ್ಟುಕೊಟ್ಟಿದ್ದ ಬಾಡಿಗೆಯನ್ನು ಹಿಂದಕ್ಕೆ ಕೊಡಬೇಕೆಂಬ ಷರತ್ತೂ ಅನೇಕ ಕರಾರುಗಳಲ್ಲಿ ಸಣ್ಣ ಅಕ್ಷರಗಳಲ್ಲಿ ಇರುವುದು. ಶ್ರಾಯವನ್ನು ಒರೆಗಲ್ಲಾಗಿ ಇಟ್ಟುಕೊಂಡು ನೋಡಿದರೆ ಭೇದವು ಸ್ಪಷ್ಟವಾಗುವುದು. ಅಲ್ಲಿ ಐದನೆಯ ವರ್ಷದ ಮೊತ್ತವು ಮೊದಲ ದಿನವೇ ಗೊತ್ತು. ಇಲ್ಲಿ ಎರಡನೆಯ ವರ್ಷದ್ದೇ ಗೊತ್ತಿಲ್ಲ. ನ್ಯೂಯಾರ್ಕಿನಲ್ಲಿ ಬಾಡಿಗೆ ನಿಯಂತ್ರಣಕ್ಕೆ ಒಳಪಟ್ಟ ಮನೆಗಳಲ್ಲಿಯೂ ಇಂಥ ತೊಡಕೊಂದು ಇದ್ದಿತು. ಶಾಸನವು ಗೊತ್ತುಮಾಡಿದ ಬಾಡಿಗೆಗಿಂತ ಕಡಮೆಗೆ ಒಕ್ಕಲನ್ನು ಸೇರಿಸಿಕೊಂಡು, ಕರಾರು ಮುಗಿದೊಡನೆ ಪೂರ್ಣ ಮೊತ್ತವನ್ನು ಒಮ್ಮೆಗೇ ಕೇಳಲು ಅವಕಾಶವಿತ್ತು. 2019ರ ಶಾಸನವು, ಆ ಒಕ್ಕಲು ಇರುವವರೆಗೂ ಕಡಮೆಯ ಬಾಡಿಗೆಯನ್ನೇ ಆಧಾರವಾಗಿ ಇಟ್ಟುಕೊಳ್ಳಬೇಕೆಂದು ವಿಧಿಸಿ ಈ ಬಾಗಿಲನ್ನು ಮುಚ್ಚಿತು.

ಬೆಂಗಳೂರಿನಲ್ಲಿ ತಕ್ಕಡಿಯು ಇನ್ನೊಮ್ಮೆ ಒಕ್ಕಲಿನ ಕಡೆಗೆ ವಾಲಿದ ಕಾಲವನ್ನು ಎಲ್ಲರೂ ಕಣ್ಣಾರೆ ಕಂಡಿರುವರು. 2020ರ ಮಾರ್ಚ್ ತಿಂಗಳಲ್ಲಿ ಕೊರೋನಾ ವ್ಯಾಧಿಯ ನಿಮಿತ್ತ ಊರಿಗೆ ಊರೇ ಬಾಗಿಲು ಹಾಕಿತು. ಗಣಕಯಂತ್ರದ ಉದ್ಯೋಗಿಗಳಿಗೆ ಮನೆಯಿಂದಲೇ ಕೆಲಸವೆಂದಾದ ಮೇಲೆ ಬೆಂಗಳೂರಿನಲ್ಲಿ ಬಾಡಿಗೆ ತೆರುವುದೇಕೆಂದು ಸಾವಿರಾರು ಜನರು ತಮ್ಮ ತಮ್ಮ ಊರುಗಳಿಗೆ ಹೊರಟರು. 2017ರಲ್ಲಿ ಶ್ರವಣಬೆಳಗೊಳದ ಮಾರ್ಗವಾಗಿ ನೇರವಾದ ರೈಲು ಆರಂಭವಾದ ಮೇಲೆ ಹಾಸನ, ಚನ್ನರಾಯಪಟ್ಟಣಗಳು ಬೆಂಗಳೂರಿಗೆ ಮೊದಲಿಗಿಂತ ಸಮೀಪವಾಗಿದ್ದುವು. ಆ ಸೀಮೆಯ ಹಳ್ಳಿಯ ಮನೆಗಳಲ್ಲಿ, ರಾಗಿ ಮೂಟೆಗಳ ಪಕ್ಕದಲ್ಲಿ ಮೇಜು ಹಾಕಿಕೊಂಡು ಕುಳಿತು ದೂರದೇಶದ ಕೆಲಸ ಮಾಡುವವರು ಆಗ ಕಾಣಬಂದರು. ಅತ್ತ ಬೆಂಗಳೂರಿನಲ್ಲಿ ವಸತಿಗೃಹಗಳೂ ಮನೆಗಳೂ ತೆರವಾದುವು. ಎಂದೂ ಇಳಿಸದ ಬಾಡಿಗೆಯನ್ನು ಹಲವು ಯಜಮಾನರು ಇಳಿಸಿದರು. ಹತ್ತು ತಿಂಗಳ ಮುಂಗಡವನ್ನು ಬಿಟ್ಟು ಐದಕ್ಕೂ ಮೂರಕ್ಕೂ ಬಂದವರುಂಟು. ಪ್ಲೇಗಿನ ತೆರವಿನಲ್ಲಿ ದೊರೆಯದ ರಿಯಾಯಿತಿಯು ಈ ವ್ಯಾಧಿಯ ತೆರವಿನಲ್ಲಿ ದೊರೆಯಿತು. ಏಕೆಂದರೆ ಈ ಸಲ ಜನರು ಹೆದರಿದ್ದು ಒಬ್ಬರಿಗೊಬ್ಬರಿಗೆ, ಮನೆಗಲ್ಲ.

ಆಗ ಮಾಡಿಕೊಂಡ ಕರಾರುಗಳೆಲ್ಲ ಸಾಮಾನ್ಯವಾಗಿ ಹನ್ನೊಂದು ತಿಂಗಳವು. ಒಂದು ವರ್ಷವನ್ನು ಮೀರಿದ ಗುತ್ತಿಗೆಯನ್ನು 1908ರ ನೋಂದಣಿ ಶಾಸನದಂತೆ ನೋಂದಾಯಿಸಬೇಕಾಗುವುದರಿಂದ, ಆ ವೆಚ್ಚವನ್ನೂ ತೊಂದರೆಯನ್ನೂ ತಪ್ಪಿಸಿಕೊಳ್ಳಲು ಹನ್ನೊಂದು ತಿಂಗಳಿಗೆ ನಿಲ್ಲಿಸುವುದು ದೇಶದ ಎಲ್ಲೆಡೆಯೂ ರೂಢಿ. 2022ರಲ್ಲಿ ಕಛೇರಿಗಳು ತಮ್ಮ ಜನರನ್ನು ಹಿಂದಕ್ಕೆ ಕರೆದುವು. ಹೋದವರು ಬಂದರು, ಹೊಸಬರೂ ಬಂದರು. ಬಾಡಿಗೆಯು ಹಳೆಯ ಮಟ್ಟವನ್ನು ಮುಟ್ಟಿ, ಅದನ್ನು ದಾಟಿ, ಮಹದೇವಪುರ, ವೈಟ್‌ಫೀಲ್ಡ್, ಬೆಳ್ಳಂದೂರು ಮೊದಲಾದ ಕಡೆಗಳಲ್ಲಿ ಜನರು ಬೆರಗಾಗುವಷ್ಟು ಏರಿತು. ಒಂದೇ ಮನೆಯನ್ನು ನೋಡಲು ಹತ್ತು ಜನ ನಿಂತಿರುವಾಗ ಯಜಮಾನನು ಮತ್ತೆ ‘ಏನು ಕೆಲಸ? ಯಾವ ಊರು? ಮಾಂಸ ತಿನ್ನುವಿರಾ?’ ಎಂದು ಪ್ರಶ್ನಿಸತೊಡಗಿದನು. ಕಡಮೆಯ ಬಾಡಿಗೆಗೆ ಸೇರಿದ್ದವರ ಹನ್ನೊಂದು ತಿಂಗಳು ಅಷ್ಟರಲ್ಲಿ ಮುಗಿದಿತ್ತು. ಮುಂದಿನ ಅವಧಿಗೆ ನೂರಕ್ಕೆ ಇಷ್ಟೇ ಏರಿಕೆಯೆಂದು ಕಾಗದದಲ್ಲಿ ಬರೆಯಿಸಿಕೊಂಡಿದ್ದವರು ಅದನ್ನು ಮುಂದಿಟ್ಟು ಯಜಮಾನನೊಡನೆ ಮಾತಾಡಿದರು. ‘ಆಮೇಲೆ ನೋಡೋಣ’ ಎಂಬ ಬಾಯಿಮಾತನ್ನು ನೆಚ್ಚಿದ್ದವರು ಹೊಸ ಮೊತ್ತವನ್ನು ಕೇಳಿದ ಸಂಜೆಯಿಂದಲೇ ಪುನಃ ಬೀದಿಬೀದಿಯಲ್ಲಿ ಬಾಡಿಗೆಯ ಹಲಗೆಗಳನ್ನು ಹುಡುಕುತ್ತ ಹೊರಟರು.